ಶಿರಸಿಯಿಂದ ಕಾರವಾರಕ್ಕೆ ಕಡಲ ದಾರಿ: ಮೂರು ದಿನ ಸಾಕಾ?

ಪ್ರಶ್ನೆ: ಮನೆಯವರೆಲ್ಲ ಸೇರಿ ಐದು ಜನ ಇದ್ದೇವೆ, ಜೊತೆಗೆ ಅಮ್ಮನೂ ಇರುತ್ತಾರೆ. ಶಿರಸಿಯಿಂದ ಘಟ್ಟ ಇಳಿದು, ಸಮುದ್ರ ನೋಡುತ್ತಾ ಕಾರವಾರದವರೆಗೆ ಕಾರಲ್ಲಿ ಹೋಗಬೇಕು ಅಂತ ಆಸೆ. ಮೂರು ದಿನ ಸಾಕಾ? ಎಲ್ಲಿ ಉಳಿದುಕೊಳ್ಳೋದು?

ಉತ್ತರ: ಸಾಕು. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮ್ನೆ ಕಾರು ಓಡಿಸಿಕೊಂಡು ಹೋದರೆ ಸಮುದ್ರ ಕಾಣೋದು ತುಂಬಾ ಕಡಿಮೆ. ಹೆಸರಿಗೆ ಕರಾವಳಿ ಹೆದ್ದಾರಿ, ಅಷ್ಟೇ. ಮರವಂತೆಯ ತರಹ ರಸ್ತೆ ಪಕ್ಕದಲ್ಲೇ ಅಲೆ ಹೊಡೆಯುವ ನೋಟ ಬೇಕಿದ್ದರೆ ಅದು ಉಡುಪಿ ಜಿಲ್ಲೆಯಲ್ಲಿದೆ. ನಮ್ಮ ಉತ್ತರ ಕನ್ನಡದಲ್ಲಿ ಗುಡ್ಡಗಳು ಕಡಲಿನವರೆಗೂ ಇಳಿದು ಬಂದಿವೆ. ಗುಡ್ಡ ನೀರಿಗೆ ಚಾಚಿಕೊಂಡ ಕಡೆಯೆಲ್ಲ ರಸ್ತೆ ಒಳಗೆ ಸರಿದಿದೆ. ಅಘನಾಶಿನಿ, ಗಂಗಾವಳಿ ಹೊಳೆಗಳನ್ನಂತೂ ಹೆದ್ದಾರಿ ದಾಟೋದು ಅಳಿವೆಯಿಂದ, ಅಂದರೆ ಹೊಳೆ ಕಡಲು ಸೇರುವ ಕಡೆಯಿಂದ, ಎಷ್ಟೋ ಮೇಲೆ. ಹಾಗಾಗಿ ಚೆಂದ ಇರೋದು ಹೆದ್ದಾರಿಯಲ್ಲಲ್ಲ, ಅದರಿಂದ ಪಡುವಣಕ್ಕೆ ಹೊರಳುವ ಸಣ್ಣ ರಸ್ತೆಗಳಲ್ಲಿ.

ಅದಕ್ಕೇ ಕಿಲೋಮೀಟರ್ ಲೆಕ್ಕ ಬಿಡಿ. ಹೊನ್ನಾವರದಿಂದ ಕಾರವಾರ ಸುಮಾರು 90 ಕಿ.ಮೀ., ಎಲ್ಲೂ ನಿಲ್ಲದಿದ್ದರೆ ಎರಡು ತಾಸಿನ ಮಾತು. ಹೊಳೆಗಳನ್ನು ಲೆಕ್ಕ ಹಾಕಿ: ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಪ್ರತಿ ಹೊಳೆ ಸಮುದ್ರ ಸೇರುವ ಕಡೆ ಅರ್ಧ ದಿನ ಇಟ್ಟುಕೊಂಡರೆ ಮೂರು ದಿನ ತಾನಾಗೇ ತುಂಬುತ್ತದೆ.

ಇನ್ನೊಂದು ಮಾತು. ತೆಂಕಣದಿಂದ ಬಡಗಣಕ್ಕೆ ಹೋಗಿ, ಅಂದರೆ ಹೊನ್ನಾವರದಲ್ಲಿ ಶುರು ಮಾಡಿ ಕಾರವಾರದಲ್ಲಿ ಮುಗಿಸಿ. ಆಗ ಸಮುದ್ರ ನಿಮ್ಮ ಎಡಕ್ಕೆ ಇರುತ್ತದೆ. ನಾಲ್ಕು ಪಥದ ರಸ್ತೆಯಲ್ಲಿ ಎಡಕ್ಕೆ ಹೊರಳೋದು ಸುಲಭ. ಬಲಕ್ಕಾದರೆ ಡಿವೈಡರ್ ಸುತ್ತಿ, ಲಾರಿಗಳ ಮಧ್ಯೆ ಯೂ ಟರ್ನ್ ಹೊಡೆಯಬೇಕು.

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲಿ ನೇರ ಇಳಿದರೆ ಸುಮಾರು 60 ಕಿ.ಮೀ. ಅಗಲೀಕರಣದ ಕೆಲಸ, ಮಳೆ ಎರಡೂ ಸೇರಿ ಈ ದಾರಿ ಆಗಾಗ ಬಂದ್ ಆಗುತ್ತದೆ. ಹೊರಡುವ ಮುಂಚೆ ಶಿರಸಿಯಲ್ಲೇ ವಿಚಾರಿಸಿಕೊಳ್ಳಿ. ನಿಮ್ಮ ಪ್ರವಾಸಕ್ಕೆ ನಾನು ಹೇಳೋದು ಮಾತ್ರ ಬೇರೆ ದಾರಿ: ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪ, ಹೊನ್ನಾವರ. ಮಾವಿನಗುಂಡಿಯಿಂದ ಜೋಗ ಕೂಗಳತೆಯಲ್ಲಿದೆ. ಮಳೆ ಮುಗಿದ ಹೊಸತರಲ್ಲಾದರೆ ಹೋಗಿ ಬನ್ನಿ. ಬೇಸಿಗೆಯಲ್ಲಾದರೆ ಬೇಡ, ಬಂಡೆ ನೋಡಿಕೊಂಡು ಬರಬೇಕಾಗುತ್ತದೆ. ಘಟ್ಟ ಇಳಿದ ಮೇಲೆ ಹೊನ್ನಾವರದವರೆಗೂ ಶರಾವತಿ ಜೊತೆಗೇ ಬರುತ್ತಾಳೆ. ಘಟ್ಟದ ತಿರುವಿನಲ್ಲಿ ಅಮ್ಮನಿಗೆ ಹೊಟ್ಟೆ ತೊಳಸುವ ಹಾಗಿದ್ದರೆ ಮುಂದಿನ ಸೀಟಿನಲ್ಲಿ ಕೂರಿಸಿ.

ಮೊದಲ ರಾತ್ರಿ ಹೊನ್ನಾವರದಲ್ಲಿ ಉಳಿಯಿರಿ. ಸಂಜೆಗೆ ಕಾಸರಕೋಡ ಕಡಲತೀರ ಸಾಕು. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ತೀರ ಅದು. ಚೊಕ್ಕವಾಗಿದೆ, ವಯಸ್ಸಾದವರಿಗೂ ಅನುಕೂಲ. ಹತ್ತಿರದಲ್ಲೇ ಅಪ್ಸರಕೊಂಡ ಇದೆ. ಗುಡ್ಡದ ಮೇಲಿನಿಂದ ಕಡಲು ನೋಡೋಕೆ ಈ ದಾರಿಯಲ್ಲಿ ಅಷ್ಟು ಸುಲಭದ ಜಾಗ ಇನ್ನೊಂದಿಲ್ಲ. ಮುರುಡೇಶ್ವರ ಇಲ್ಲಿಂದ ತೆಂಕಣಕ್ಕೆ 27 ಕಿ.ಮೀ. ಹೋಗಲೇಬೇಕು ಅಂತಿದ್ದರೆ ಎರಡನೇ ದಿನ ಬೆಳಿಗ್ಗೆ ಬೇಗ ಹೋಗಿ. 20 ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇದೆ, ಮೇಲಿನಿಂದ ಕಾಣುವ ನೋಟ ನಿಜಕ್ಕೂ ದೊಡ್ಡದು. ಆದರೆ ಶನಿವಾರ, ಭಾನುವಾರ ಅಲ್ಲಿ ಕಾಣೋದು ಸಮುದ್ರಕ್ಕಿಂತ ಜಾಸ್ತಿ ಜನ. ನಾನಾದರೆ ಬಿಟ್ಟುಬಿಡುತ್ತೇನೆ.

ಎರಡನೇ ದಿನ ಅಘನಾಶಿನಿಗೆ ಕೊಡಿ. ಇಡೀ ಪ್ರವಾಸದಲ್ಲಿ ಅವಸರ ಮಾಡಬಾರದ ಜಾಗ ಇದೊಂದೇ. ಎಲ್ಲೂ ಅಣೆಕಟ್ಟು ಕಟ್ಟದೆ ಉಳಿದ ಹೊಳೆ ಇದು. ಘಟ್ಟದ ಮಣ್ಣು, ಸಿಹಿನೀರು ಕೆಳಗೆ ಬಂದು ಉಪ್ಪುನೀರಿನೊಂದಿಗೆ ಬೆರೆಯುವುದರಿಂದ ಅಳಿವೆಯಲ್ಲಿ ಮೀನು, ಸಿಗಡಿ, ಬಳಚು (ತಿನ್ನುವ ಕಪ್ಪೆಚಿಪ್ಪು) ಎಲ್ಲಾ ಹುಲುಸಾಗಿ ಬೆಳೆಯುತ್ತವೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕುಮಟಾ ಪೇಟೆಯಿಂದ ಹೆದ್ದಾರಿ ಬಿಟ್ಟು ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಹೋಗುವ ರಸ್ತೆ ಹಿಡಿಯಿರಿ. ಸಣ್ಣ ರಸ್ತೆ, ಎದುರಿಗೆ ಬಸ್ಸು ಬಂದರೆ ನೀವೇ ಹಿಂದೆ ಸರಿಯಬೇಕು. ಇಳಿತದ ಹೊತ್ತಿಗೆ ಹೋದರೆ ಸೊಂಟದವರೆಗಿನ ನೀರಲ್ಲಿ ನಿಂತು ಬಳಚು ಆರಿಸುವವರು ಕಾಣುತ್ತಾರೆ. ಸುತ್ತಲಿನ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಗಳು) ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ ಇದೆ. ಅಳಿವೆಯ ಆಚೆ ದಡದಲ್ಲಿ ತದಡಿ ಬಂದರು. ಕಣ್ಣೆದುರಿಗೇ ಕಾಣುತ್ತದೆ, ಬೋಟಿನಲ್ಲಿ ಕೆಲವೇ ನಿಮಿಷ. ಆದರೆ ಕಾರಿನಲ್ಲಿ ಅಲ್ಲಿಗೆ ಹೋಗಬೇಕಾದರೆ ವಾಪಸ್ ಕುಮಟಾಕ್ಕೆ ಬಂದು, ಮಿರ್ಜಾನ್, ಮಾದನಗೇರಿ ಎಲ್ಲಾ ಸುತ್ತಬೇಕು. ಕಾರು ಈಚೆ ನಿಲ್ಲಿಸಿ, ಬೋಟಿನಲ್ಲಿ ಆಚೆ ಹೋಗಿ ಚಹಾ ಕುಡಿದು ಬರೋದೇ ಇಲ್ಲಿನ ನಿಜವಾದ ಸುಖ ಅಂತ ನನ್ನ ಅನಿಸಿಕೆ.

ಊಟ ಕುಮಟಾದಲ್ಲಿ ಮುಗಿಸಿ. ಮೀನು ತಿನ್ನುವವರು ಬೋರ್ಡಿನಲ್ಲಿರುವುದಕ್ಕಿಂತ ಇವತ್ತು ಏನು ಬಂದಿದೆ ಅಂತ ಕೇಳಿ ಆರ್ಡರ್ ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ತಾಜಾ ಇಸವಾಣ ಮೀನು ಸಿಗುತ್ತದೆ ಅಂತ ನಂಬಿಕೊಂಡು ಬರಬೇಡಿ.

ಮಿರ್ಜಾನ್ ಕೋಟೆ ಹೆದ್ದಾರಿಗೆ ಹತ್ತಿರದಲ್ಲೇ ಇದೆ, ಒಂದು ತಾಸು ಸಾಕು. ಕಾಳುಮೆಣಸಿನ ವ್ಯಾಪಾರದಿಂದ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ. ಮಳೆ ಮುಗಿದ ಹೊಸತರಲ್ಲಿ ಕೆಂಪುಕಲ್ಲಿನ ಗೋಡೆಗಳ ಮೇಲೆಲ್ಲ ಪಾಚಿ ಹಬ್ಬಿ ಹಸಿರಾಗಿರುತ್ತದೆ. ಅಮ್ಮ ಹುಷಾರಾಗಿ ಕಾಲಿಡಲಿ, ಜಾರುತ್ತದೆ.

ರಾತ್ರಿಗೆ ಗೋಕರ್ಣ. ಶನಿವಾರ, ಹೊಸ ವರ್ಷ, ಶಿವರಾತ್ರಿ ಸುತ್ತಮುತ್ತ ಆದರೆ ರೂಮು ಮೊದಲೇ ಮಾಡಿಸಿ. ಕಾರನ್ನು ಉಳಿದುಕೊಂಡಲ್ಲೇ ಬಿಡಿ, ದೇವಸ್ಥಾನದ ಬೀದಿಗಳಲ್ಲಿ ಗಾಡಿ ನುಗ್ಗಿಸಿ ಪ್ರಯೋಜನವಿಲ್ಲ. ದೇವರ ದರ್ಶನಕ್ಕೆ ಗಂಡಸರು ಪಂಚೆ ಇಟ್ಟುಕೊಂಡಿರಿ. ಓಂ ಮತ್ತು ಕುಡ್ಲೆ ಕಡಲತೀರಗಳ ಹತ್ತಿರದವರೆಗೆ ಆಟೋ ಹೋಗುತ್ತದೆ, ಆಮೇಲೆ ಮೆಟ್ಟಿಲು. ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ನಡೆದೇ ಹೋಗಬೇಕು ಇಲ್ಲ ಬೋಟ್ ಹಿಡಿಯಬೇಕು. ಅಮ್ಮ ಜೊತೆಗಿರುವಾಗ ಅವೆರಡನ್ನು ಬಿಡಿ. ಬೇಸಿಗೆಯಲ್ಲಿ ಬಂದವರು ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರ ನೋಡಬಹುದು.

ನೀರಿಗಿಳಿಯುವ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿ. ಮಳೆಗಾಲ ಅಲ್ಲವಲ್ಲ, ಕಡಲು ಶಾಂತವಾಗಿದೆಯಲ್ಲ ಅಂತ ಅಂದುಕೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಕೆಂಪು ಬಾವುಟ ಇದ್ದಲ್ಲಿ ಇಳಿಯಬೇಡಿ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ. ಅಳಿವೆಯ ಹತ್ತಿರ ಈಜುವುದು ಬೇಡವೇ ಬೇಡ. ಹೊಳೆಯ ಸೆಳೆತ ಮೇಲಿನಿಂದ ಗೊತ್ತಾಗುವುದಿಲ್ಲ.

ಮೂರನೇ ದಿನ ಅಂಕೋಲಾ ಮೇಲೆ ಕಾರವಾರ. ದಾರಿಯಲ್ಲಿ ಗಂಗಾವಳಿ ದಡದ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಬಲಿ ತೆಗೆದುಕೊಂಡ ಜಾಗ. ಅದೇ ವರ್ಷ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿ ಹೊಳೆಯ ಹಳೆ ಸೇತುವೆ ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸ ಬೇಡ ಅನ್ನೋದು ಇದಕ್ಕೇ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಸೆಕೆ ತಡೆಯಲಾಗದು, ಆದರೆ ಅಂಕೋಲೆಯ ಕರಿ ಇಶಾಡ ಮಾವು ಸಿಗೋದು ಆಗಲೇ. ಅದಕ್ಕೋಸ್ಕರ ಬರುವವರನ್ನು ನಾನು ತಡೆಯುವುದಿಲ್ಲ.

ಅರಗಾ, ಬಿಣಗಾ ಹತ್ತಿರ ಬಂದಾಗ ಸಮುದ್ರ ಪಕ್ಕದಲ್ಲೇ ಇದ್ದರೂ ಮಧ್ಯೆ ನೌಕಾನೆಲೆಯ ಗೋಡೆ. ಅಲ್ಲಿ ಫೋಟೋ ತೆಗೆಯಬೇಡಿ. ಕಾರವಾರದ ಟ್ಯಾಗೋರ್ ಕಡಲತೀರ ಹೆದ್ದಾರಿಗೆ ಅಂಟಿಕೊಂಡೇ ಇದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥರು ಬಂದು ಉಳಿದಿದ್ದರಿಂದ ಆ ಹೆಸರು. ಮಕ್ಕಳಿದ್ದರೆ ಅಲ್ಲೇ ಚಾಪಲ್ ಯುದ್ಧನೌಕೆಯ ಒಳಗೆ ಹೊಕ್ಕು ಬರಬಹುದು. ಆಮೇಲೆ ಕಾಳಿ ದಾಟಿ ಸದಾಶಿವಗಡದ ಗುಡ್ಡಕ್ಕೆ ಹೋಗಿ. ಹೊಳೆ, ಸೇತುವೆ, ದ್ವೀಪ, ಕಡಲು ಎಲ್ಲಾ ಒಟ್ಟಿಗೆ ಅಲ್ಲಿಂದ ಕಾಣುತ್ತವೆ.

ವಾಪಸ್ ಶಿರಸಿಗೆ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರದ ಮೇಲೆ ಹೋಗಬಹುದು. ಹುಬ್ಬಳ್ಳಿ ಕಡೆಯ ಲಾರಿಗಳೆಲ್ಲ ಇದೇ ಘಟ್ಟ ಹತ್ತುತ್ತವೆ. ಕಾರವಾರದಿಂದ ಮಧ್ಯಾಹ್ನ ಮೂರರೊಳಗೆ ಹೊರಟರೆ ಬೆಳಕಿರುವಾಗಲೇ ಘಟ್ಟ ಮುಗಿಯುತ್ತದೆ. ಹಟ್ಟಿಕೇರಿಯಲ್ಲಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ನೋಡಿಕೊಳ್ಳಿ.