ಹಪ್ಪಳದ ಹಾಗೆ ಬಾಗಿದ ಬೋರ್ಡು

ಕಾಸರಗೋಡಿನ ಪೆರ್ಲದ ನಮ್ಮ ಮನೆಯಲ್ಲಿ ಪಡುವಣ ಜಗಲಿಗೆ ಮಳೆಯ ಎರಚಲು ಬಡಿಯುತ್ತದೆ. ಅದನ್ನು ತಡೆಯಲು ಫೈಬರ್ ಸಿಮೆಂಟ್ ಬೋರ್ಡು, ಅಂದರೆ ಸಿಮೆಂಟಿಗೆ ನಾರು ಬೆರೆಸಿ ಮಾಡಿದ ಹಲಗೆ, ಹೊಡೆಸಿದೆವು. ಹೊರಮೈಗೆ ಎರಡು ಕೋಟು ಪೈಂಟು. ಒಳಮೈಯನ್ನು ಹಾಗೇ ಬಿಟ್ಟೆವು, ಅಲ್ಲಿಗೆ ಮಳೆ ತಾಗುವುದಿಲ್ಲ ಅಲ್ವಾ ಎಂದು. ಮಳೆಗಾಲ ಮುಗಿಯುವಾಗ ಬೋರ್ಡುಗಳ ನಡುಭಾಗ ಜಗಲಿಯ ಕಡೆಗೆ ಉಬ್ಬಿತ್ತು. ಕೆಳಗಿನ ಅಂಚು ನೆಲಕ್ಕೆ ತಾಗಿದ್ದಲ್ಲೆಲ್ಲ ಒಂದು ಗೇಣು ಎತ್ತರಕ್ಕೆ ಕಪ್ಪಾಗಿ, ಪದರ ಬಿಟ್ಟಿತ್ತು.

ಹಲಸಿನ ಹಪ್ಪಳ ಒಣಗಿಸಿದವರಿಗೆ ಈ ಉಬ್ಬು ಅರ್ಥವಾಗುತ್ತದೆ. ಬಿಸಿಲು ತಾಗಿದ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಅಡಿ ಇನ್ನೂ ಹಸಿ. ಹಪ್ಪಳ ಬಾಗುತ್ತದೆ. ಅದಕ್ಕೇ ಮಗುಚಿ ಹಾಕುವುದು. ನಮ್ಮ ಬೋರ್ಡಿನಲ್ಲೂ ಅದೇ ಆಯಿತು: ಪೈಂಟಿಲ್ಲದ ಮೈ ತೇವ ಹೀರಿ ಹಿಗ್ಗಿತು, ಪೈಂಟಿದ್ದ ಮೈ ಹಿಗ್ಗಲಿಲ್ಲ.

ಆದರೆ ಮಳೆ ತಾಗದ ಮೈಗೆ ತೇವ ಬಂದದ್ದು ಎಲ್ಲಿಂದ?

ನೋಡಲು ಕಲ್ಲಿನ ಹಾಗಿದ್ದರೂ ಈ ಬೋರ್ಡಿನ ತುಂಬ ತೂತುಗಳಿವೆ. 100 ಗ್ರಾಂ ಸಿಮೆಂಟು ಗಟ್ಟಿಯಾಗುವಾಗ ತನ್ನೊಳಗೆ ಕಟ್ಟಿಹಾಕಿಕೊಳ್ಳುವ ನೀರು ಸುಮಾರು 23 ಗ್ರಾಂ ಮಾತ್ರ. ಕಲಸಲು ಬಳಸುವುದು ಅದಕ್ಕಿಂತ ಜಾಸ್ತಿ. ಉಳಿದ ನೀರು ಆರಿಹೋದ ಜಾಗ ಖಾಲಿ ಬೀಳುತ್ತದೆ. ಅದರ ಜೊತೆಗೆ ಮರದ ತಿರುಳಿನ ನಾರು ಬೇರೆ. ಒಂದೊಂದು ನಾರೂ ಒಂದು ಸಣ್ಣ ಕೊಳವೆ. ಒಂದು ಕಿಲೋ ಬೋರ್ಡನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಕಾಲು ಕಿಲೋಗೂ ಜಾಸ್ತಿ ನೀರು ಕುಡಿಯಬಲ್ಲದು.

ತೂತು ಸಣ್ಣದಾದಷ್ಟೂ ಎಳೆತ ಜೋರು. ಒಂದು ಮಿಲಿಮೀಟರ್ ಅಗಲದ ಕೊಳವೆಯಲ್ಲಿ ನೀರು ತಾನಾಗಿ ಏರುವುದು ಮೂರು ಸೆಂಟಿಮೀಟರ್. ಅಗಲ ಅದರ ಐನೂರರಲ್ಲಿ ಒಂದು ಪಾಲಾದರೆ, ಲೆಕ್ಕದ ಪ್ರಕಾರ 15 ಮೀಟರ್! ನಿಜವಾದ ಗೋಡೆಯಲ್ಲಿ ಏರುವುದು ನಿಧಾನ, ದಾರಿಯಲ್ಲಿ ಆರುವುದೂ ಉಂಟು. ನಮ್ಮಲ್ಲಿ ಅದು ಒಂದು ಗೇಣಿಗೆ ನಿಂತಿತು.

ಇನ್ನೂ ಸಣ್ಣ ತೂತುಗಳಿಗೆ ನೀರು ತಾಗುವುದೇ ಬೇಡ. ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಅಗಲದ ತೂತುಗಳಲ್ಲಿ, ಗಾಳಿಯ ತೇವಾಂಶ ಶೇಕಡಾ 90 ಆದಾಗ ಆವಿಯೇ ನೀರಾಗಿ ತುಂಬಿಕೊಳ್ಳುತ್ತದೆ. ಕಾಸರಗೋಡಿನ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಹೊತ್ತು) ಗಾಳಿ ಎಷ್ಟು ಹಸಿಯೆಂದು ಕೇಳಬೇಕೆ? ಕಪಾಟಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ನಮ್ಮ ಬೋರ್ಡು ಕುಡಿದದ್ದು ಆ ಗಾಳಿಯನ್ನು.

ಅಂಚು ಹಾಳಾಗಲು ಇನ್ನೊಂದು ಕಾರಣವಿದೆ. ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ 1901ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇವತ್ತಿಗೂ ಹೆಚ್ಚಿನ ಕಡೆ ನಡೆಯುತ್ತಿದೆ. ಆಗ ಕಲ್ನಾರು (ಆಸ್ಬೆಸ್ಟಾಸ್) ಹಾಕುತ್ತಿದ್ದರು, ಈಗ ಹಲವು ಕಡೆ ಮರದ ನಾರು. ತೆಳು ಗಂಜಿಯಂಥ ಮಿಶ್ರಣದಿಂದ ಜಾಲರಿಯ ಉರುಳೆ ಒಂದೊಂದೇ ಪದರ ಎತ್ತುತ್ತದೆ. ಪದರದ ಮೇಲೆ ಪದರ ಕೂತು ಬೋರ್ಡಾಗುತ್ತದೆ. ಹಾಗಾಗಿ ನೀರಿಗೆ ಪದರಗಳ ನಡುವಿನ ದಾರಿ ಸುಲಭ. ಕತ್ತರಿಸಿದ ಅಂಚೆಂದರೆ ಆ ದಾರಿಯ ತೆರೆದ ಬಾಗಿಲು.

ಒಂದು ಸಲ ನೆನೆದರೆ ದೊಡ್ಡ ನಷ್ಟವೇನಿಲ್ಲ. ನೆನೆದು ಒಣಗಿ, ಮತ್ತೆ ನೆನೆದು ಒಣಗಿ ವರ್ಷಗಳು ಕಳೆದಾಗ ಸಿಮೆಂಟಿನ ಸುಣ್ಣ ನೀರಿನ ಜೊತೆ ಹೋಗಿ ನಾರಿನ ಕೊಳವೆಯೊಳಗೆ ಕೂರುತ್ತದೆ. ಬಾಗುತ್ತಿದ್ದ ನಾರು ಪಟ್ಟನೆ ಮುರಿಯುವಂತಾಗುತ್ತದೆ.

ನೀರನ್ನು ಪೂರ್ತಿ ತಡೆಯಲು ನಮ್ಮ ಊರಲ್ಲಿ ಆಗದು. ಬಂದದ್ದು ಎರಡೂ ಕಡೆಯಿಂದ ಸಮನಾಗಿ ಬರಲಿ, ಬೇಗ ಆರಿಹೋಗಲಿ, ಅಷ್ಟೇ ಬೇಕಾದದ್ದು. ಎದುರಿಗೆ ಮೂರನೇ ಕೋಟು ಹೊಡೆಯುವ ದುಡ್ಡನ್ನು ಹಿಂಬದಿಗೂ ಅಂಚಿಗೂ ಹಾಕಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಈ ಸಲ ಹೊಸ ಬೋರ್ಡುಗಳನ್ನು ಬೇಸಿಗೆಯಲ್ಲೇ ತಂದು, ಚೆನ್ನಾಗಿ ಒಣಗಿಸಿ, ಎರಡೂ ಮೈಗೆ ಪೈಂಟು ಕೊಟ್ಟೆವು. ಅಳತೆಗೆ ಕತ್ತರಿಸಿದ ಪ್ರತಿ ಅಂಚಿಗೂ ಅಲ್ಲೇ ಪ್ರೈಮರ್ ಬಳಿದೆವು. ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿದೆವು. ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು. ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿಸಿ, ಬ್ಲೇಡಿಗೆ ನೀರು ಬಿಡುತ್ತಾ ಅಂಗಳದಲ್ಲೇ ಕತ್ತರಿಸಿದೆವು.