ಬ್ಯಾಕಪ್: ಯಾವುದು ಹೌದು, ಯಾವುದು ಅಲ್ಲ

ಕಂಪ್ಯೂಟರಿನಲ್ಲಿರುವ ಫೈಲುಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳುವುದೇ ಬ್ಯಾಕಪ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ 'ಬೇರೆ ಕಡೆ' ಎಲ್ಲಿ ಅನ್ನುವುದರ ಬಗ್ಗೆ ನಾವು ಜಾಸ್ತಿ ಯೋಚಿಸುವುದಿಲ್ಲ. ಮೂಲ ಫೈಲಿಗೆ ಬಂದ ಕಂಟಕ ಪ್ರತಿಗೂ ತಗಲುವ ಹಾಗಿದ್ದರೆ ಅದನ್ನು ಬ್ಯಾಕಪ್ ಅನ್ನಲಾಗದು. ಅದು ಸುಮ್ನೆ ಇನ್ನೊಂದು ಕಾಪಿ, ಅಷ್ಟೇ.

ಸಿ ಡ್ರೈವ್‌ನ ಫೋಟೋಗಳನ್ನು ಡಿ ಡ್ರೈವ್‌ಗೆ ಹಾಕಿ ನಿಶ್ಚಿಂತೆಯಿಂದ ಇರುವವರು ತುಂಬಾ ಜನ. ಹೆಚ್ಚಿನ ಮನೆ ಕಂಪ್ಯೂಟರುಗಳಲ್ಲಿ ಇವೆರಡೂ ಒಂದೇ ಡಿಸ್ಕಿನ ಭಾಗಗಳು. ಡಿಸ್ಕ್ ಕೈಕೊಟ್ಟ ದಿನ ಎರಡೂ ಒಟ್ಟಿಗೇ ಹೋಗುತ್ತವೆ. ಹಳೆಯ ಹಾರ್ಡ್ ಡಿಸ್ಕುಗಳು ಎಷ್ಟೋ ಸಲ ಟಕ್ ಟಕ್ ಸದ್ದು ಮಾಡಿ ಮೊದಲೇ ಸೂಚನೆ ಕೊಡುತ್ತಿದ್ದವು. ತಿರುಗುವ ಭಾಗಗಳೇ ಇಲ್ಲದ ಈಗಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಆ ಸದ್ದೂ ಇಲ್ಲ. ಅಳಿಸಿದ ಫೈಲನ್ನು ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆಯುವ ಆಸೆಯೂ ಅಲ್ಲಿ ಕಡಿಮೆ. ಫೈಲ್ ಅಳಿಸಿದ ಕೂಡಲೇ 'ಈ ಜಾಗ ಇನ್ನು ಬೇಡ' ಎಂದು ಡಿಸ್ಕಿಗೆ ತಿಳಿಸುವ ಟ್ರಿಮ್ ಎಂಬ ವ್ಯವಸ್ಥೆ ಅದರಲ್ಲಿದೆ. ಆಮೇಲೆ ಡಿಸ್ಕ್ ತಾನಾಗಿಯೇ ಆ ಜಾಗವನ್ನು ಖಾಲಿ ಮಾಡಿಬಿಡುತ್ತದೆ.

ಆಂಟಿವೈರಸ್ ಇದೆಯಲ್ಲ, ಬ್ಯಾಕಪ್ ಯಾಕೆ ಎಂದು ಕೇಳುವವರಿಗೆ 2000ದ ಮೇ ತಿಂಗಳಲ್ಲಿ ಹರಡಿದ 'ಐ ಲವ್ ಯೂ' ವೈರಸ್ಸನ್ನು ನೆನಪಿಸಬೇಕು. ಇಮೇಲ್ ಜೊತೆ ಬರುತ್ತಿದ್ದ ಆ ಫೈಲಿನ ಹೆಸರು ಟಿಎಕ್ಸ್‌ಟಿ ಎಂದು ಮುಗಿದಂತೆ ಕಾಣುತ್ತಿತ್ತು. ಅದರ ಮುಂದೆ ವಿಬಿಎಸ್ ಎಂಬ ಇನ್ನೊಂದು ಬಾಲವಿತ್ತು. ವಿಂಡೋಸ್ ಅದನ್ನು ತೋರಿಸುತ್ತಿರಲಿಲ್ಲ. ಸಾದಾ ಪಠ್ಯ ಇರಬೇಕು ಎಂದು ತೆರೆದರೆ ಪ್ರೋಗ್ರಾಂ ಓಡುತ್ತಿತ್ತು. ಓಡಿ ಏನು ಮಾಡುತ್ತಿತ್ತು? ಜೆಪಿಜಿ ಫೋಟೋಗಳ ಮೇಲೆ ತನ್ನದೇ ಕೋಡ್ ಬರೆದುಬಿಡುತ್ತಿತ್ತು. ಆಂಟಿವೈರಸ್ ಹಾಕಿ ಆ ವೈರಸ್ಸನ್ನು ತೆಗೆಯಬಹುದಿತ್ತು, ಆದರೆ ಹೋದ ಫೋಟೋ ವಾಪಸ್ ಬರುತ್ತಿರಲಿಲ್ಲ. ಆಂಟಿವೈರಸ್ಸಿನ ಕೆಲಸ ತಡೆಯುವುದು. ಕಳೆದದ್ದನ್ನು ವಾಪಸ್ ತಂದುಕೊಡಲು ಬ್ಯಾಕಪ್ಪೇ ಬೇಕು.

ಈಗ ಇದಕ್ಕಿಂತ ಕೆಟ್ಟದ್ದು ರ‍್ಯಾನ್ಸಮ್‌ವೇರ್. ಇದು ಫೈಲುಗಳನ್ನು ಅಳಿಸುವುದಿಲ್ಲ, ಎನ್‌ಕ್ರಿಪ್ಟ್ ಮಾಡಿ ತೆರೆಯದಂತೆ ಮಾಡುತ್ತದೆ. ಬಿಡಿಸುವ ಕೀ ಬೇಕಾದರೆ ದುಡ್ಡು ಕೊಡಿ ಎನ್ನುತ್ತದೆ. 2013ರಲ್ಲಿ ಬಂದ ಕ್ರಿಪ್ಟೋಲಾಕರ್ ಕಂಪ್ಯೂಟರಿನ ಒಳಗಿನ ಡಿಸ್ಕಿಗಷ್ಟೇ ಕೈ ಹಾಕಿ ಸುಮ್ಮನಾಗಲಿಲ್ಲ, ಜೋಡಿಸಿಕೊಂಡಿದ್ದ ನೆಟ್‌ವರ್ಕ್ ಡ್ರೈವ್‌ಗಳಿಗೂ ಹೋಯಿತು. ಇಂಥ ಹಲವು ರ‍್ಯಾನ್ಸಮ್‌ವೇರ್‌ಗಳು ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಹಳೆಯ ನೆರಳು ಪ್ರತಿಗಳನ್ನೂ ಹುಡುಕಿ ಅಳಿಸುತ್ತವೆ. ಅಂದಮೇಲೆ ದಿನವಿಡೀ ಯುಎಸ್‌ಬಿಗೆ ಚುಚ್ಚಿಯೇ ಇರುವ ಹಾರ್ಡ್ ಡಿಸ್ಕ್ ಎಷ್ಟರ ಮಟ್ಟಿಗೆ ಸುರಕ್ಷಿತ? ಬ್ಯಾಕಪ್ ಮುಗಿದ ಮೇಲೆ ಡಿಸ್ಕನ್ನು ಇಜೆಕ್ಟ್ ಮಾಡಿ, ಕೇಬಲ್ ಕಿತ್ತು ಎತ್ತಿಡಿ. ದಯವಿಟ್ಟು ಇದೊಂದನ್ನು ಮಾತ್ರ ತಪ್ಪಿಸಬೇಡಿ.

ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಸಿಂಕ್ ಕೂಡ ಇದೇ ಕಾರಣಕ್ಕೆ ಪೂರ್ತಿ ಬ್ಯಾಕಪ್ ಅಲ್ಲ. ಸಿಂಕ್ ಅಂದರೆ ಇಲ್ಲಿ ಆದದ್ದು ಅಲ್ಲೂ ಆಗಬೇಕು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ಫೈಲ್ ಕೆಟ್ಟರೆ ಕೆಟ್ಟ ಫೈಲೇ ಮೇಲೆ ಹೋಗುತ್ತದೆ. ಕಸದ ಬುಟ್ಟಿ, ಹಳೆಯ ಆವೃತ್ತಿ ಎಂಬ ಸೌಲಭ್ಯಗಳಿವೆ, ನಿಜ. ಗೂಗಲ್ ಡ್ರೈವ್‌ನ ಬುಟ್ಟಿಯಲ್ಲಿ ಫೈಲ್ 30 ದಿನ ಇರುತ್ತದೆ. ಕಳೆದುಹೋಗಿದೆ ಎಂದು ಗೊತ್ತಾಗುವುದೇ ಆಮೇಲಾದರೆ ಕಷ್ಟ, ಅಲ್ವಾ?

ಈ ಅಪಾಯಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಸರಳ ಸೂತ್ರವೊಂದಿದೆ: 3-2-1. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಮೂಲವೂ ಸೇರಿ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಮನೆಯ ಮಟ್ಟಿಗೆ ಕಂಪ್ಯೂಟರ್, ಕಿತ್ತಿಡುವ ಡಿಸ್ಕ್, ಕ್ಲೌಡ್ ಇದ್ದರೆ ಸಾಕು. ಕಾಪಿ ಮಾಡುವ ಕೆಲಸಕ್ಕೆ ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಇದೆ, ಮ್ಯಾಕ್‌ನಲ್ಲಿ 2007ರಿಂದಲೂ ಟೈಮ್ ಮಷೀನ್ ಇದೆ. ಎಷ್ಟು ದಿನಕ್ಕೊಮ್ಮೆ ಮಾಡಬೇಕು? ಎಷ್ಟು ದಿನದ ಕೆಲಸ ಹೋದರೆ ನೀವು ತಡೆದುಕೊಳ್ಳಬಲ್ಲಿರೋ ಅಷ್ಟು ದಿನಕ್ಕೊಮ್ಮೆ.

ಬ್ಯಾಕಪ್ ಆಯಿತು ಎಂಬ ಹಸಿರು ಗುರುತನ್ನು ನೋಡಿ ನಂಬಬೇಡಿ. ಆಗಾಗ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೋಟೋ, ಒಂದು ದೊಡ್ಡ ವಿಡಿಯೋ ತೆರೆದು ನೋಡಿ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಹಾಕಿದ್ದರೆ ಪಾಸ್‌ವರ್ಡ್ ಮರೆತಾಗ 48 ಅಂಕಿಯ ರಿಕವರಿ ಕೀ ಬೇಕಾಗುತ್ತದೆ. ಅದನ್ನು ಅದೇ ಕಂಪ್ಯೂಟರಿನಲ್ಲಷ್ಟೇ ಸೇವ್ ಮಾಡಿಟ್ಟರೆ ಏನೂ ಉಪಯೋಗವಿಲ್ಲ. ಪ್ರಿಂಟ್ ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಡಿ, ಎಲ್ಲಿದೆ ಎಂದು ಮನೆಯವರಿಗೂ ಹೇಳಿರಿ.