ಟೇಪರ್ ಜಾಮ್ ಆಗಿಲ್ಲ, ಹಿಡಿದಿದೆ

'ಸಾರ್, ಹಬ್ ಜಾಮ್ ಆಗಿದೆ, ಸುತ್ತಿಗೆ ಕೊಡಿ.' ಪೀಣ್ಯದ ಶೆಡ್ಡುಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗ್ರೈಂಡಿಂಗ್ ವೀಲ್ ಹೊತ್ತ ಹಬ್, ನಟ್ ಬಿಚ್ಚಿದ ಮೇಲೂ ಸ್ಪಿಂಡಲ್ (ಅದನ್ನು ತಿರುಗಿಸುವ ದಂಡ) ಬಿಟ್ಟು ಬರದಿದ್ದರೆ ಅದು ಜಾಮ್ ಅಲ್ಲ. ಸ್ಪಿಂಡಲ್ ತುದಿಯೂ ಹಬ್ ತೂತೂ ಓರೆಯಾಗಿರುತ್ತವೆ, ಅದೇ ಟೇಪರ್. ಹಿಡಿದುಕೊಳ್ಳುವುದೇ ಟೇಪರ್‌ನ ಕೆಲಸ.

ಇಂಗ್ಲಿಷಿನಲ್ಲಿ ಟೇಪರ್ ಅಂದರೆ ಮೊದಲು ಮೇಣದ ಬತ್ತಿ. ತುದಿಗೆ ಹೋಗುತ್ತಾ ಸಣ್ಣಗಾಗುವ ಆಕಾರಕ್ಕೆ ಆಮೇಲೆ ಆ ಹೆಸರು ಬಂತು. ಆದರೆ ಬತ್ತಿ ಏನನ್ನೂ ಹಿಡಿಯುವುದಿಲ್ಲ. ನಮ್ಮಲ್ಲಿ ಇದಕ್ಕಿಂತ ಒಳ್ಳೆ ಪದ ಇದೆ: ಬೆಣೆ. ಗುದ್ದಲಿ ಕಾವು ಸಡಿಲವಾದರೆ ಬೆಣೆ ಹೊಡೆಯುತ್ತೇವೆ, ಅದು ತಾನಾಗಿ ಈಚೆ ಬರುತ್ತಾ? ಟೇಪರ್ ಅಂದರೆ ದುಂಡಗಿನ ಬೆಣೆ. ಓರೆ ಕಡಿಮೆ ಇದ್ದಷ್ಟೂ ಹಿಡಿತ ಜಾಸ್ತಿ. ಗ್ರೈಂಡರ್‌ನ 1:5 ಟೇಪರ್‌ನಲ್ಲಿ 5 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಇಳಿಯುತ್ತದೆ. ಒಂದು ಬದಿಯ ಓರೆ 6 ಡಿಗ್ರಿಯೂ ಇಲ್ಲ. ಒಣ ಉಕ್ಕಿನ ಮೇಲೆ ಉಕ್ಕು ಜಾರಬೇಕಾದರೆ ಸುಮಾರು 8 ಡಿಗ್ರಿ ಬೇಕು. ಮಿಲ್ಲಿಂಗ್ ಮೆಷಿನ್‌ನ 7/24 ಟೇಪರ್ 8 ಡಿಗ್ರಿ ದಾಟುತ್ತದೆ, ಅದಕ್ಕೇ ಸುಲಭವಾಗಿ ಬಿಡುತ್ತದೆ. ಅದನ್ನೇ ನೋಡಿ ಕಲಿತವರಿಗೆ ಗ್ರೈಂಡರ್ ಮೇಲೆ ಸಿಟ್ಟು ಬರುತ್ತದೆ.

ಇನ್ನು 'ಪುಲ್ಲರ್', ಅಂದರೆ ಎಳೆದು ತೆಗೆಯುವ ಸಾಧನ. ಈ ಪದ ಕೇಳಿದವರು ಮೂರು ಕಾಲಿನ ಬೇರಿಂಗ್ ಪುಲ್ಲರ್ ತಂದು ಫ್ಲೇಂಜ್ (ವೀಲನ್ನು ಒತ್ತಿ ಹಿಡಿಯುವ ತಟ್ಟೆ) ಅಂಚಿಗೆ ಸಿಕ್ಕಿಸುತ್ತಾರೆ. ಅಂಚು ಬಾಗುತ್ತದೆ, ವೀಲ್ ಬಿರುಕು ಬಿಡಬಹುದು. ಬೇಕಾದದ್ದು ಎಕ್ಸ್‌ಟ್ರಾಕ್ಟರ್. ನಟ್ ತೆಗೆದರೆ ಹಬ್ ಬಾಯಲ್ಲಿ ಥ್ರೆಡ್ ಕಾಣುತ್ತದೆ ಅಲ್ವಾ, ಅದು ಇರುವುದೇ ಇದಕ್ಕೆ. ಎಕ್ಸ್‌ಟ್ರಾಕ್ಟರನ್ನು ಅಲ್ಲಿ ಪೂರ್ತಿ ಕೂರಿಸಿ. ನಡುವಿನ ಬೋಲ್ಟ್ ತಿರುಗಿಸಿದರೆ ಅದು ಸ್ಪಿಂಡಲ್ ತುದಿಯನ್ನು ಒತ್ತುತ್ತದೆ, ಹಬ್ ನೇರವಾಗಿ ಈಚೆ ಬರುತ್ತದೆ. ಬಿಡುವಾಗ 'ಟಕ್' ಅನ್ನುತ್ತದೆ, ಆಗ ವೀಲ್ ಕೆಳಗೆ ಕೈ ಇರಲಿ. ನಟ್ ಬಿಚ್ಚುವ ಮುಂಚೆ ಥ್ರೆಡ್ ಯಾವ ಕಡೆಯದು ನೋಡಿ. ಎಡ ಥ್ರೆಡ್ ಇರುವ ಮೆಷಿನ್ ಬಹಳ, ತಪ್ಪು ಕಡೆ ತಿರುಗಿಸಿದರೆ ಬೆಣೆ ಇನ್ನೂ ಒಳಗೆ ಹೋಗುತ್ತದೆ.

ಸುತ್ತಿಗೆ ಪೆಟ್ಟು ಹೋಗುವುದು ಸ್ಪಿಂಡಲ್ ಬೇರಿಂಗ್‌ಗೆ. ಬೇರಿಂಗ್ ಗುಂಡುಗಳು ತಾವು ಉರುಳುವ ಹಾದಿ, ಅಂದರೆ ರೇಸ್ ಮೇಲೆ ಸಣ್ಣ ಕುಳಿ ಬೀಳಿಸುತ್ತವೆ. ಮುಂದೆ ಜಾಬ್ (ಉಜ್ಜುವ ತುಂಡು) ಮೇಲೆ ಗೆರೆ ಗೆರೆ ಬಂದಾಗ ವೀಲ್ ಬದಲಿಸುತ್ತಾ ಕೂರುತ್ತಾರೆ.

ನಿಜವಾದ ಜಾಮ್ ಇಲ್ಲವೆಂದಲ್ಲ. ಬಿಸಿ ಇಳಿಸಲು ಹರಿಸುವ ಕೂಲೆಂಟ್ ಒಳಗೆ ಇಳಿದು ತುಕ್ಕು ಹಿಡಿದಿದ್ದರೆ, ಸಂದಿಯಲ್ಲಿ ಕಂದು ಗೆರೆ ಕಂಡರೆ, ಆಗ ಜಾಮ್ ಅನ್ನಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೋಲ್ಟ್ ಬಿಗಿಯಾಗಿಟ್ಟು, ಬೆಳಗಿನ ತನಕ ಕಾಯಿರಿ.